ಹಳೆಯ ಚಿತ್ರಪಾತ್ರಗಳಿಗೆ ಹೊಸ ಮಾರುಕಟ್ಟೆ ಇದೆಯೇ?

ರಾಯಚೂರಿನ ಬಣ್ಣದ ಅಂಗಡಿಗಳ ಹಿರಿಯ ವರ್ತಕರಿಗೆ ಗಟ್ಟುವಿನ ಪರಿಚಯ ಹೇಳಬೇಕಾಗಿಲ್ಲ. ಹಣೆಯ ಮೇಲೆ ಕೂದಲು ಇಳಿಬಿಟ್ಟು, ಕೈಯಲ್ಲಿ ಕುಂಚ ಮತ್ತು ಬಣ್ಣದ ಡಬ್ಬಿ ಹಿಡಿದು ನಿಂತ ಆ ತುಂಟ ಹುಡುಗ ಏಷ್ಯನ್ ಪೇಂಟ್ಸ್ ಸಂಸ್ಥೆಯ ಲಾಂಛನವಾಗಿದ್ದನು. 1954ರಲ್ಲಿ ಅವನನ್ನು ಚಿತ್ರಿಸಿದವರು ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣ್ ಅವರು. ಅವನಿಗೆ ಹೆಸರಿಡುವುದಕ್ಕಾಗಿ ಸಂಸ್ಥೆಯು 500 ರೂಪಾಯಿ ಬಹುಮಾನದ ಸಾರ್ವಜನಿಕ ಸ್ಪರ್ಧೆಯನ್ನೇ ನಡೆಸಿತ್ತು. ಡಬ್ಬಿಯ ಮೇಲಿನ ಅಕ್ಷರ ಓದಲಾರದ ಗ್ರಾಹಕನೂ ಹುಡುಗನ ಚಿತ್ರ ನೋಡಿ ತನಗೆ ಬೇಕಾದ ಬಣ್ಣವನ್ನು ಕೇಳಿ ಪಡೆಯಬಹುದಾಗಿತ್ತು. ಸುಮಾರು ಐದು ದಶಕಗಳ ಸೇವೆಯ ನಂತರ, 2000ದ ದಶಕದ ಆರಂಭದಲ್ಲಿ, ಸಂಸ್ಥೆಯು ಗಟ್ಟುವಿಗೆ ನಿವೃತ್ತಿ ನೀಡಿತು.

ಜನಪ್ರಿಯತೆ ಕುಂದಿದ್ದರಿಂದ ಹೀಗಾಯಿತೆಂದು ಭಾವಿಸುವುದು ಸರಿಯಲ್ಲ. ಬಣ್ಣ ಕೊಳ್ಳುವವರು ಬದಲಾಗಿದ್ದರು. ಮೊದಲು ಡಬ್ಬಿಯನ್ನು ಆರಿಸುತ್ತಿದ್ದವನು ಬಣ್ಣ ಬಳಿಯುವ ಮೇಸ್ತ್ರಿ; ಆಮೇಲೆ ಮನೆಯವರೇ ಕುಳಿತು ಗೋಡೆಗೊಂದು ಛಾಯೆಯಂತೆ ಆರಿಸತೊಡಗಿದರು. ಸಂಸ್ಥೆಯು ಡಬ್ಬಿಗಿಂತ ಹೆಚ್ಚಾಗಿ ಮನೆಯ ಅಂದವನ್ನು ಮಾರಲು ಹೊರಟಿತು. ಆ ಕೆಲಸದಲ್ಲಿ ಕುಂಚ ಹಿಡಿದ ತುಂಟನಿಗೆ ಸ್ಥಾನವಿರಲಿಲ್ಲ.

ಹಳೆಯ ಚಿತ್ರಪಾತ್ರವೊಂದನ್ನು ಇಂದಿನ ಗ್ರಾಹಕರ ಮುಂದೆ ಮತ್ತೆ ನಿಲ್ಲಿಸಬಹುದೇ ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ಆರಂಭಿಸಬೇಕು. ಈ ಪ್ರಶ್ನೆ ದೂರದರ್ಶನ ವಾಹಿನಿಗಳಿಗೆ ಮಾತ್ರ ಸೇರಿದ್ದಲ್ಲ. ಮಾನ್ವಿಯ ಅಕ್ಕಿ ಗಿರಣಿಯ ಚೀಲ, ದೇವದುರ್ಗದ ಕಿರಾಣಿ ಅಂಗಡಿಯಲ್ಲಿ ತೂಗುಬಿದ್ದಿರುವ ಕುರುಕುಲು ತಿಂಡಿಯ ಪೊಟ್ಟಣ, ರಾಯಚೂರಿನಲ್ಲಿ ಮಾರಾಟವಾಗುವ ನೋಟುಪುಸ್ತಕ, ಇವೆಲ್ಲವೂ ಒಂದಲ್ಲ ಒಂದು ಚಿತ್ರವನ್ನು ನಂಬಿಕೊಂಡ ಸರಕುಗಳೇ. ಆ ಚಿತ್ರ ಯಾರದು, ಅದು ಇನ್ನೂ ಕೆಲಸ ಮಾಡುತ್ತದೆಯೇ ಎಂದು ವಿಚಾರಿಸದೆ ಅಚ್ಚಿಗೆ ಹಣ ಹೂಡುವುದು ನಷ್ಟಕ್ಕೆ ದಾರಿ.

ವಿಮಾನ ಏರಿದ ಶ್ರೀಸಾಮಾನ್ಯ

ಲಕ್ಷ್ಮಣ್ ಅವರ ಮತ್ತೊಂದು ಪಾತ್ರದ ಕಥೆ ಗಟ್ಟುವಿನದಕ್ಕಿಂತ ಭಿನ್ನವಾದುದು. ಚೌಕುಳಿ ಕೋಟು, ಧೋತರ, ಕನ್ನಡಕ ಧರಿಸಿದ ‘ಶ್ರೀಸಾಮಾನ್ಯ’ನು 1951ರಿಂದ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ಬಾಯಿ ಬಿಡದೆ ಎಲ್ಲವನ್ನೂ ನೋಡುತ್ತ ನಿಂತವನು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ವಿಮಾನ ಸೇವೆಯನ್ನು ಆರಂಭಿಸಿದರು. ಮುಂದೆ ಆ ಸಂಸ್ಥೆಗೆ ಲಾಂಛನವಾಗಿ ಆರಿಸಿಕೊಂಡದ್ದು ಈ ಶ್ರೀಸಾಮಾನ್ಯನನ್ನೇ. ವಿಮಾನವನ್ನು ಆಕಾಶದಲ್ಲಷ್ಟೇ ಕಂಡಿದ್ದವನು ಅಗ್ಗದ ಟಿಕೆಟ್ ಹಿಡಿದು ಒಳಗೆ ಕೂರಬಹುದೆಂಬ ಸಂದೇಶಕ್ಕೆ ಅವನಿಗಿಂತ ತಕ್ಕ ಮುಖ ಬೇರೆ ಇರಲಿಲ್ಲ.

ಇಲ್ಲಿ ಗಮನಿಸಬೇಕಾದುದು, ಗೋಪಿನಾಥ್ ಅವರು ಆ ಪಾತ್ರಕ್ಕೆ ಸೂಟುಬೂಟು ತೊಡಿಸಲಿಲ್ಲ. ಉಡುಪು, ಮುಖಭಾವ, ವಯಸ್ಸು ಎಲ್ಲವೂ ಹಿಂದಿನಂತೆಯೇ ಇದ್ದವು. ಬದಲಾದುದು ಅವನು ನಿಂತ ಜಾಗ ಮಾತ್ರ. 2007ರಲ್ಲಿ ಕಿಂಗ್‌ಫಿಶರ್‌ನ ಒಡೆತನದ ಸಮೂಹವು ಸಂಸ್ಥೆಯಲ್ಲಿ ಪಾಲು ಪಡೆಯಿತು. 2008ರಲ್ಲಿ ಅದರ ಹೆಸರು ಕಿಂಗ್‌ಫಿಶರ್ ರೆಡ್ ಎಂದಾಯಿತು. ಶ್ರೀಸಾಮಾನ್ಯನು ವಿಮಾನದಿಂದ ಇಳಿದನು. ಪಾತ್ರ ಸೋತಿದ್ದರಿಂದ ಹೀಗಾಗಲಿಲ್ಲ. ಅಗ್ಗದ ದರಕ್ಕೂ ಇಂಧನದ ಖರ್ಚಿಗೂ ತಾಳೆಯಾಗದೆ ಸಂಸ್ಥೆ ನಷ್ಟದಲ್ಲಿತ್ತು. ಗ್ರಾಹಕನನ್ನು ಬಾಗಿಲವರೆಗೆ ಕರೆತರುವುದಷ್ಟೇ ಲಾಂಛನದ ಕೆಲಸ. ಖಾತೆ ಪುಸ್ತಕವನ್ನು ಅದು ತಿದ್ದಲಾರದು.

ನಿಜವಾದ ಪುನರ್ಜನ್ಮ

ಭಾರತದಲ್ಲಿ ಹಳೆಯ ಚಿತ್ರಪಾತ್ರವೊಂದು ಪೂರ್ಣ ಅರ್ಥದಲ್ಲಿ ಮರುಹುಟ್ಟು ಪಡೆದ ನಿದರ್ಶನವೆಂದರೆ ಮೋಟು–ಪತ್ಲು ಜೋಡಿ. 1969ರಲ್ಲಿ ಆರಂಭವಾದ ‘ಲೋಟ್‌ಪೋಟ್’ ಎಂಬ ಹಿಂದಿ ಮಕ್ಕಳ ಪತ್ರಿಕೆಯ ಈ ಪಾತ್ರಗಳನ್ನು ಸೃಷ್ಟಿಸಿದವರು ಕೃಪಾಶಂಕರ ಭಾರದ್ವಾಜ್. ಹಿಂದಿ ಪ್ರಾಂತಗಳ ಒಂದು ಪೀಳಿಗೆ ಅವರನ್ನು ಓದಿ ಬೆಳೆದು, ಕ್ರಮೇಣ ಮರೆತಿತ್ತು. 2012ರ ಅಕ್ಟೋಬರಿನಲ್ಲಿ ನಿಕಲೋಡಿಯನ್ ವಾಹಿನಿಯು ಕಾಸ್ಮಾಸ್–ಮಾಯಾ ಸಂಸ್ಥೆ ಸಿದ್ಧಪಡಿಸಿದ ಗಣಕಯಂತ್ರದ ಚಲಿಸುವ ರೂಪದಲ್ಲಿ ಅವರನ್ನು ತೆರೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಶಾಲಾ ಚೀಲ, ನೀರಿನ ಬಾಟಲಿ, ಕಂಪಾಸು ಪೆಟ್ಟಿಗೆಗಳ ಮೇಲೆಲ್ಲ ಅವರೇ ಕಾಣಿಸಿಕೊಂಡರು. 2016ರಲ್ಲಿ ಪೂರ್ಣ ಪ್ರಮಾಣದ ಚಲನಚಿತ್ರವೂ ಬಂತು.

ಈ ಯಶಸ್ಸಿಗೆ ಕಾರಣ ತಂದೆತಾಯಿಯರ ಹಳೆಯ ನೆನಪೆಂದು ಹಲವರು ಹೇಳುವುದುಂಟು. ಅದು ಅರ್ಧ ಸತ್ಯವೂ ಅಲ್ಲ. ಆ ಧಾರಾವಾಹಿಯನ್ನು ನೋಡಿ ನಕ್ಕ ಆರು ವರ್ಷದ ಮಗುವಿಗೆ ಲೋಟ್‌ಪೋಟ್ ಪತ್ರಿಕೆ ಇದ್ದುದೇ ತಿಳಿಯದು. ಅದರ ಮಟ್ಟಿಗೆ ಮೋಟು–ಪತ್ಲು ಹೊಚ್ಚ ಹೊಸಬರು. ಉಳಿದುಬಂದ ಬಂಡವಾಳವೆಂದರೆ ಪಾತ್ರಗಳ ಸ್ವಭಾವ: ಒಬ್ಬ ದಪ್ಪ, ಇನ್ನೊಬ್ಬ ತೆಳು, ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಬುದ್ಧಿ, ಒಬ್ಬ ಕೆಡಿಸಿದ್ದನ್ನು ಇನ್ನೊಬ್ಬ ಸರಿಪಡಿಸಬೇಕು. ಈ ಹೂರಣ ಹಳತಾಗುವಂಥದ್ದಲ್ಲ. ಕಣಕ ಮಾತ್ರ ಹೊಸದಾಗಿತ್ತು.

ಇದರ ಎದುರಿಗೆ ಫ್ಯಾಂಟಮ್‌ನನ್ನು ಇಟ್ಟು ನೋಡಬಹುದು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಖವಾಡದ ವೀರ, 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಮೂಲಕ ಭಾರತದ ಮನೆಮಾತಾಗಿದ್ದನು. ಕನ್ನಡದ ಓದುಗರಿಗೂ ಅವನು ಚಿರಪರಿಚಿತ. ಆದರೆ 1996ರಲ್ಲಿ ಹಾಲಿವುಡ್ ಅವನನ್ನು ಬೆಳ್ಳಿತೆರೆಗೆ ತಂದಾಗ ಹಾಕಿದ ಹಣ ಹಿಂದಿರುಗಲಿಲ್ಲ. ಕಾಡಿನ ಜನರನ್ನು ಹೊರಗಿನಿಂದ ಬಂದ ಬಿಳಿಯನೊಬ್ಬ ತಲೆತಲಾಂತರದಿಂದ ಕಾಯುವ ಕಥೆ ಒಂದು ಕಾಲಕ್ಕೆ ಸಹಜವೆನಿಸಿತ್ತು. ಇಂದಿನ ಮಗುವಿಗೆ ಅದನ್ನು ಒಪ್ಪಿಸುವುದು ಕಷ್ಟ. ಆ ಪಾತ್ರದ ಬೇರು ಇರುವುದೇ ಅಲ್ಲಿ. ಬೇರನ್ನು ಕತ್ತರಿಸಿದರೆ ಉಳಿಯುವುದು ನೇರಳೆ ಬಣ್ಣದ ಅಂಗಿ ಮಾತ್ರ. ಹಳೆಯ ಅಭಿಮಾನಿಗಳು ಸಂಗ್ರಹಕ್ಕೆಂದು ನಾಲ್ಕು ಪುಸ್ತಕ ಕೊಳ್ಳುತ್ತಾರೆ. ಅಷ್ಟರಿಂದ ಸಗಟು ವ್ಯಾಪಾರ ನಡೆಯದು.

ಪಾತ್ರ ಯಾರ ಸ್ವತ್ತು?

ಜನಪ್ರಿಯ ಪಾತ್ರದ ಚಿತ್ರವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರೆ ಮಾರಾಟ ಹೆಚ್ಚುತ್ತದೆಂಬ ಆಸೆ ಸಣ್ಣ ತಯಾರಕರಲ್ಲಿ ಸಹಜ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2008ರಲ್ಲಿ ತೆರೆಗೆ ತಂದ ಛೋಟಾ ಭೀಮನ ಚಿತ್ರಕ್ಕೆ ಈ ಭಾಗದ ಸಂತೆಗಳಲ್ಲಿಯೂ ಬೇಡಿಕೆ ಇರುವುದು ಸುಳ್ಳಲ್ಲ. ಆದರೆ ಪರವಾನಗಿ ಇಲ್ಲದ ಬಳಕೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮಿನಂತೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಅಚ್ಚಾದ ಸರಕು ಜಪ್ತಿಯಾದರೆ ಆಗುವ ನಷ್ಟ ಬೇರೆ.

ಹೆಸರಿನಲ್ಲಿ ಒಂದಕ್ಷರ ಬದಲಿಸಿದರೆ ಸಾಕೆಂಬುದು ತಪ್ಪು ತಿಳಿವಳಿಕೆ. ಹಾವುಗಳನ್ನು ಮೈಗೂಡಿಸಿಕೊಂಡ ಹಸಿರು ಮೈಯ ‘ನಾಗರಾಜ್’ ಎಂಬ ಕಾಮಿಕ್ಸ್ ನಾಯಕನಿಗೆ ಪ್ರತಿಯಾಗಿ ಮತ್ತೊಬ್ಬ ಪ್ರಕಾಶಕರು ‘ನಾಗೇಶ್’ ಎಂಬವನನ್ನು ತಂದಾಗ, 1990ರ ದಶಕದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು. ಹೆಸರು, ರೂಪ, ಸ್ವಭಾವ ಮೂರನ್ನೂ ಒಟ್ಟಾಗಿ ನೋಡಿದಾಗ ಸಾಮಾನ್ಯ ಗ್ರಾಹಕ ಮೋಸಹೋಗುವಂತಿತ್ತು ಎಂಬುದೇ ಆಧಾರ.

ಅಮೆರಿಕದಲ್ಲಿ ಮಿಕ್ಕಿ ಮೌಸ್‌ನ 1928ರ ಮೊದಲ ರೂಪದ ಕೃತಿಸ್ವಾಮ್ಯ 2024ರ ಜನವರಿ 1ರಂದು ಮುಗಿದ ಸುದ್ದಿಯನ್ನು ಓದಿ, ಇನ್ನು ಆ ಇಲಿ ಎಲ್ಲರ ಸ್ವತ್ತೆಂದು ಭಾವಿಸಿದವರಿದ್ದಾರೆ. ಮುಗಿದದ್ದು ಕಪ್ಪು–ಬಿಳುಪಿನ ಆ ಮೊದಲ ರೂಪದ ಹಕ್ಕು ಮಾತ್ರ. ನಂತರದ ರೂಪಗಳ ಹಕ್ಕು ಬೇರೆ. ವಾಣಿಜ್ಯ ಚಿಹ್ನೆಯಂತೂ ನವೀಕರಿಸುತ್ತ ಹೋದಷ್ಟು ಕಾಲ ಬಾಳುವಂಥದ್ದು.

ಪಾತ್ರ ಸೃಷ್ಟಿಸಿದ ಕಲಾವಿದನಿಗೂ ಅದನ್ನು ಬಳಸುವ ಸಂಸ್ಥೆಗೂ ನಡುವೆ ವ್ಯಾಜ್ಯ ಏಳುವುದುಂಟು. ಕೇರಳದ ವಿ. ಟಿ. ಥಾಮಸ್ ಅವರ ‘ಬೋಬನ್ ಮತ್ತು ಮೋಲಿ’ ಎಂಬ ಚಿತ್ರಮಾಲೆ ಬಹುಕಾಲ ಮಲಯಾಳ ಮನೋರಮಾ ಬಳಗದ ವಾರಪತ್ರಿಕೆಯಲ್ಲಿ ಪ್ರಕಟವಾಗುತ್ತಿತ್ತು. 1980ರ ದಶಕದ ಕೊನೆಯಲ್ಲಿ ಅವರು ಸಂಸ್ಥೆಯನ್ನು ಬಿಟ್ಟಾಗ ಆ ಮಕ್ಕಳಿಬ್ಬರು ಯಾರ ಸ್ವತ್ತೆಂಬ ಪ್ರಶ್ನೆ ಕೇರಳ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ನೌಕರಿಗೆ ಸೇರುವ ಮೊದಲೇ ಪಾತ್ರಗಳು ಹುಟ್ಟಿದ್ದವಾದ್ದರಿಂದ ಅವುಗಳನ್ನು ಮುಂದೆಯೂ ಚಿತ್ರಿಸಲು ಕಲಾವಿದನಿಗೆ ಅಡ್ಡಿಯಿಲ್ಲವೆಂದು ತೀರ್ಪಾಯಿತು. ಚೀಲದ ಚಿತ್ರವನ್ನು ಹೊರಗಿನ ಕಲಾವಿದರಿಂದ ಬರೆಸುವ ಗಿರಣಿ ಮಾಲೀಕರು ಇದನ್ನು ಮನಸ್ಸಿನಲ್ಲಿಡಬೇಕು. ಹಣ ಸಂದಾಯದ ರಸೀದಿಯೊಂದೇ ಸಾಲದು; ಹಕ್ಕನ್ನು ಬರಹದಲ್ಲಿ ವರ್ಗಾಯಿಸಿಕೊಳ್ಳಬೇಕು, ಅವಧಿಯನ್ನೂ ಬರೆಸಬೇಕು. ಅವಧಿ ಬರೆಯದಿದ್ದರೆ ಕಾಯ್ದೆಯು ಅದನ್ನು ಐದು ವರ್ಷವೆಂದಷ್ಟೇ ಪರಿಗಣಿಸುತ್ತದೆ.

ಯಾರ ಅಪ್ಪಣೆಯೂ ಬೇಡದ ಪಾತ್ರಗಳೂ ಈ ಸೀಮೆಯಲ್ಲಿವೆ. ತೊಗಲುಗೊಂಬೆಯಾಟದ ಹಾಸ್ಯಜೋಡಿ ಕಿಳ್ಳೇಕ್ಯಾತ–ಬಂಗಾರಕ್ಕ ಯಾವ ಕಂಪನಿಯ ಸೊತ್ತೂ ಅಲ್ಲ. ದೀಪದ ಬೆಳಕಿನಲ್ಲಿ ಪರದೆಯ ಮೇಲೆ ಕುಣಿದ ಇವರನ್ನು ನಮ್ಮ ನಾಡಿನ ಮೊದಲ ಚಲಿಸುವ ಚಿತ್ರಪಾತ್ರಗಳೆಂದರೂ ಸಲ್ಲುತ್ತದೆ. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳ ಭಾಗದ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಈ ಕಲೆಯತ್ತ ದೇಶದ ಗಮನ ಹರಿಯಿತು. ಮೆಣಸಿನ ಪುಡಿಯ ಪೊಟ್ಟಣದ ಮೇಲೆ ಬಂಗಾರಕ್ಕ ಏಕೆ ನಗಬಾರದು? ಆಕೆಯನ್ನು ಹೊಸದಾಗಿ ಬರೆಸಿದ ಚಿತ್ರದ ಮೇಲೆ ತಯಾರಕರಿಗೆ ಹಕ್ಕು ದೊರೆಯುತ್ತದೆ, ಪಾತ್ರ ಮಾತ್ರ ಎಲ್ಲರದಾಗಿಯೇ ಉಳಿಯುತ್ತದೆ. ಗೊಂಬೆಯಾಟದ ಮನೆತನದವರಿಂದಲೇ ಚಿತ್ರ ಬರೆಸಿ ತಕ್ಕ ಸಂಭಾವನೆ ನೀಡುವುದು ನ್ಯಾಯ. ದೇವರ ಹಾಗೂ ಧರ್ಮಗ್ರಂಥಗಳ ಹೆಸರುಗಳ ವಿಷಯ ಬೇರೆ: ಅಗರಬತ್ತಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ‘ರಾಮಾಯಣ’ ಎಂಬ ಹೆಸರನ್ನು ಒಬ್ಬನೇ ತನ್ನ ಚಿಹ್ನೆಯೆಂದು ಕಟ್ಟಿಕೊಳ್ಳಲಾಗದೆಂದು ಹೇಳಿದೆ.

ಚೀಲದ ಮೇಲಿನ ಹಳೆಯ ಮುಖ

ತುಂಗಭದ್ರಾ ಎಡದಂಡೆಯ ನೀರಿನಿಂದ ಮಾನ್ವಿಯಲ್ಲಿ, ನಾರಾಯಣಪುರ ಬಲದಂಡೆಯ ನೀರಿನಿಂದ ದೇವದುರ್ಗದಲ್ಲಿ ಬೆಳೆಯುವ ಭತ್ತ ಅಕ್ಕಿಯಾಗಿ ಹೊರಡುವುದು ಎತ್ತು, ಗಿಳಿ, ನವಿಲು, ತೆನೆ ಹೊತ್ತ ರೈತ ಮಹಿಳೆ ಮೊದಲಾದ ಮಾರ್ಕುಗಳ ಚೀಲಗಳಲ್ಲಿ. ಅಂತಹ ಎಷ್ಟೋ ಮಾರ್ಕುಗಳನ್ನು ಮಾಲೀಕರೇ ಕೈಬಿಟ್ಟದ್ದಕ್ಕೆ ತೆರಿಗೆಯೂ ಒಂದು ಕಾರಣ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ನೋಂದಾಯಿತ ಮಾರ್ಕಿನ ಚೀಲದ ಅಕ್ಕಿಗೆ ಶೇಕಡ 5ರ ತೆರಿಗೆ ಬಿತ್ತು. ಮಾರ್ಕಿಲ್ಲದ ಅಕ್ಕಿಗೆ ವಿನಾಯಿತಿ ದೊರೆಯಿತು. ಮಾರ್ಕು ನೋಂದಣಿಯಾಗಿರದಿದ್ದರೂ, ಅದರ ಮೇಲಿನ ದಾವೆಯ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟಿರುವುದಾಗಿ ತೆರಿಗೆ ಆಯುಕ್ತರಿಗೆ ಪ್ರಮಾಣಪತ್ರ ಸಲ್ಲಿಸಿ ಚೀಲದ ಮೇಲೂ ಅದನ್ನು ಅಚ್ಚು ಹಾಕಿಸಿದವರಿಗಷ್ಟೇ ವಿನಾಯಿತಿ ಸಿಗುತ್ತಿತ್ತು. ಶೇಕಡ 5 ಉಳಿಸಲು ತಲೆಮಾರಿನ ಗಳಿಕೆಯನ್ನು ಬಿಟ್ಟುಕೊಟ್ಟಂತಾಯಿತು.

2022ರ ಜುಲೈ 18ರಿಂದ ಆ ನಿಯಮ ಬದಲಾಯಿತು. ಮಾರ್ಕು ನೋಂದಣಿಯಾಗಿದೆಯೇ ಎಂಬ ಪ್ರಶ್ನೆ ಹೋಗಿ, 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಚೀಲಕ್ಕೆ ತೆರಿಗೆ ಎಂದಾಯಿತು. ಮಾರುಕಟ್ಟೆಯಲ್ಲಿ 26 ಕಿಲೋ ಚೀಲಗಳು ಕಾಣಿಸಿಕೊಂಡದ್ದು ಇದೇ ಕಾರಣದಿಂದ. ಎಂದರೆ, ತೆರಿಗೆಗೆ ಹೆದರಿ ಹಳೆಯ ಮಾರ್ಕನ್ನು ಮರೆಮಾಡುವ ಅಗತ್ಯ ಈಗಿಲ್ಲ.

ಹಾಗೆಂದು ಬ್ಲಾಕನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಅಚ್ಚಿಗೆ ಕಳುಹಿಸುವುದೂ ಸರಿಯಲ್ಲ. ನೋಂದಾಯಿತ ಚಿಹ್ನೆಯ ಅವಧಿ ಹತ್ತು ವರ್ಷ. ನವೀಕರಿಸದೆ ಬಿಟ್ಟಿದ್ದರೆ ಅದು ದಾಖಲೆಯಿಂದ ಹೋಗಿರುತ್ತದೆ. ನವೀಕರಿಸಿದ್ದರೂ ಐದು ವರ್ಷಕ್ಕೂ ಮೇಲ್ಪಟ್ಟು ಬಳಸದೆ ಇಟ್ಟಿದ್ದರೆ ಅದನ್ನು ತೆಗೆದುಹಾಕುವಂತೆ ಬೇರೊಬ್ಬರು ಅರ್ಜಿ ಹಾಕಬಹುದು. ಹಿಂದೆ ಹಕ್ಕು ಬಿಟ್ಟ ಪ್ರಮಾಣಪತ್ರ ಸಲ್ಲಿಸಿದವರು ಮರುಬಳಕೆಗೆ ಮೊದಲು ವಕೀಲರ ಅಭಿಪ್ರಾಯ ಪಡೆಯುವುದು ಲೇಸು. ಕರ್ನಾಟಕದ ಅರ್ಜಿಗಳು ಚೆನ್ನೈನ ವಾಣಿಜ್ಯ ಚಿಹ್ನೆಗಳ ಕಚೇರಿಯ ವ್ಯಾಪ್ತಿಗೆ ಬರುತ್ತವೆ. 2017ರ ನಿಯಮಗಳಂತೆ ಗಣಕಯಂತ್ರದ ಮೂಲಕ ಸಲ್ಲಿಸುವ ಅರ್ಜಿಗೆ ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳಿಗೆ ಪ್ರತಿ ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000 ರೂಪಾಯಿ ಶುಲ್ಕ. ಅಕ್ಕಿ ಮತ್ತು ಮೆಣಸಿನ ಪುಡಿ 30ನೆಯ ವರ್ಗಕ್ಕೆ, ಖಾದ್ಯ ತೈಲ 29ಕ್ಕೆ, ನೋಟುಪುಸ್ತಕ 16ಕ್ಕೆ ಸೇರುತ್ತವೆ. ಅದೇ ಗಿಳಿಯನ್ನು ಅದೇ ವರ್ಗದಲ್ಲಿ ಬೇರೆ ಯಾರಾದರೂ ಈಗಾಗಲೇ ಪಡೆದಿದ್ದಾರೆಯೇ ಎಂಬುದನ್ನು ಕಚೇರಿಯ ಅಂತರ್ಜಾಲ ತಾಣದಲ್ಲಿ ಶುಲ್ಕವಿಲ್ಲದೆ ನೋಡಬಹುದು.

ಚಿತ್ರವನ್ನು ಹೊಸದಾಗಿ ಬರೆಸುವಾಗ ಶ್ರೀಸಾಮಾನ್ಯನ ಕೋಟನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು. ರಾಜೇಂದ್ರ ಗಂಜಿನ ಹಮಾಲನಿಂದ ಹಿಡಿದು ಸಂತೆಯ ಗಿರಾಕಿಯವರೆಗೆ ಗಿಳಿಯನ್ನು ಗುರುತಿಸುವುದು ಅದರ ಕತ್ತಿನ ತಿರುವಿನಿಂದ, ಕೊಕ್ಕಿನಲ್ಲಿರುವ ತೆನೆಯಿಂದ. ಗೆರೆ ಸ್ವಚ್ಛವಾಗಲಿ, ಬಣ್ಣ ಗಟ್ಟಿಯಾಗಲಿ, ಮೊಬೈಲಿನ ಪರದೆಯಷ್ಟು ಚಿಕ್ಕ ಜಾಗದಲ್ಲಿಯೂ ಕಾಣುವಂತಾಗಲಿ. ಕತ್ತು ಮಾತ್ರ ತಿರುಗಿದ ಕಡೆಗೇ ಇರಲಿ.