ಲೈನಿನ ತುದಿಯ ಪಂಪ್‌ಸೆಟ್ಟಿಗೆ ಹತ್ತಿರದ ವಿದ್ಯುತ್ತು



ಕಪ್ಪತಗುಡ್ಡದ ಸುತ್ತ ಓಡಾಡುವವರಿಗೆ ಗಾಳಿಯಂತ್ರ ಹೊಸದಲ್ಲ. ಕಣ್ಣೆದುರಿಗೇ ವಿದ್ಯುತ್ತು ತಯಾರಾಗುತ್ತಿರುವಾಗ ಮುಂಡರಗಿ, ಶಿರಹಟ್ಟಿಯ ಹೊಲಗಳಲ್ಲಿ ಮೋಟಾರಿಗೆ ವೋಲ್ಟೇಜ್ ಏಕೆ ಸಾಲದು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ದೊಡ್ಡ ಗಾಳಿಯಂತ್ರ ಸಮೂಹಗಳ ವಿದ್ಯುತ್ತು ಹೆಚ್ಚು ಒತ್ತಡದ ಲೈನುಗಳನ್ನು ಸೇರಿ ನಾಡಿಗೆಲ್ಲ ಹಂಚಿಹೋಗುತ್ತದೆ. ನಿಮ್ಮ ಟಿ.ಸಿ.ಗೆ ಬರುವುದು ಉಪಕೇಂದ್ರದಿಂದ ಹೊರಟು ಹಲವು ಕಿಲೋಮೀಟರು ತಂತಿ ದಾಟಿದ 11 ಕಿಲೋವೋಲ್ಟ್ ಲೈನಿನ ವಿದ್ಯುತ್ತು. ಇದಲ್ಲದೆ ಗಾಳಿ ಜೋರಾಗಿ ಬೀಸುವುದು ಮುಂಗಾರಿನಲ್ಲಿ. ಕೊಳವೆ ಬಾವಿಗಳು ಹೆಚ್ಚು ನಡೆಯುವುದು ಹಿಂಗಾರು, ಬೇಸಿಗೆಗಳಲ್ಲಿ.

ಕಾಲುವೆಯ ಕೊನೆಯ ಹೊಲಕ್ಕೆ ನೀರು ಸೊರಗಿ ಬರುವುದನ್ನು ನೀವು ಬಲ್ಲಿರಿ. ತಂತಿಯಲ್ಲಿಯೂ ಹಾಗೆಯೇ. ಕರೆಂಟು ಎರಡು ಪಟ್ಟಾದರೆ ತಂತಿ ಕಾದು ಆಗುವ ನಷ್ಟ ನಾಲ್ಕು ಪಟ್ಟಾಗುತ್ತದೆ. ತುದಿಯಲ್ಲಿ 415 ವೋಲ್ಟ್ ಇರಬೇಕಾದಲ್ಲಿ 332 ವೋಲ್ಟ್ ಬಂದಿತೆನ್ನಿ. ಕೊರತೆ ಐದನೆಯ ಒಂದು ಭಾಗ ಮಾತ್ರ, ಆದರೆ ಮೋಟಾರಿನ ತಿರುಗುಬಲ ನೂರಕ್ಕೆ 64ಕ್ಕೆ ಇಳಿಯುತ್ತದೆ. ಅದು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. ಮೆಣಸಿನಕಾಯಿಗೆ ನೀರು ಬೇಕಾದ ವಾರದಲ್ಲಿಯೇ ಮೋಟಾರನ್ನು ಎತ್ತಿ ರಿವೈಂಡಿಂಗ್‌ಗೆ ಗದಗಿಗೆ ಒಯ್ಯುವ ಕಷ್ಟ ಬೇರೆ ಹೇಳಬೇಕಿಲ್ಲ.

ಕಾಲುವೆಯ ನಡುವೆ ಒಂದು ಬಾವಿ ಇದ್ದರೆ ಕೊನೆಯ ಹೊಲಗಳು ಬದುಕುತ್ತವೆ. ಲೈನಿನ ನಡುವೆ ಸೌರ ವಿದ್ಯುತ್ ಘಟಕ ಕೂಡಿಸುವುದೂ ಅಂಥದೇ ಕೆಲಸ. ಆದರೆ ಎಲ್ಲಿ, ಎಷ್ಟು ದೊಡ್ಡದು ಎಂಬುದೇ ಮುಖ್ಯ. ಲೆಕ್ಕಕ್ಕೆ 9 ಕಿ.ಮೀ. ಉದ್ದದ ಲೈನು, ಅದರ ಉದ್ದಕ್ಕೂ ಸಮನಾಗಿ ಹರಡಿದ ಪಂಪುಗಳು, ಒಟ್ಟು ಬೇಡಿಕೆ 900 ಕಿಲೋವ್ಯಾಟ್ ಎಂದುಕೊಳ್ಳಿ. ಉಪಕೇಂದ್ರದಿಂದ 6 ಕಿ.ಮೀ. ದೂರದಲ್ಲಿ 600 ಕಿಲೋವ್ಯಾಟ್ ಕೊಟ್ಟರೆ ಆ ಹೊತ್ತಿನ ಲೈನು ನಷ್ಟ ಮೊದಲಿನ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಘಟಕವನ್ನು ಉಪಕೇಂದ್ರದ ಪಕ್ಕದಲ್ಲಿಟ್ಟರೆ ಈ ಲೈನಿನ ನಷ್ಟ ಸ್ವಲ್ಪವೂ ಇಳಿಯದು. ಹೆಚ್ಚಾದಷ್ಟೂ ಒಳ್ಳೆಯದೆಂದು ಕಟ್ಟಕಡೆಗೆ 1,800 ಕಿಲೋವ್ಯಾಟ್ ಇಟ್ಟರೋ, ಕರೆಂಟು ಹಿಮ್ಮುಖವಾಗಿ ಹರಿದು ನಷ್ಟ ಮೊದಲಿಗಿಂತ ಏಳು ಪಟ್ಟಾಗುತ್ತದೆ. ತುದಿಯಲ್ಲಿ ವೋಲ್ಟೇಜ್ ಮಿತಿ ಮೀರಿ ಏರುತ್ತದೆ. ಗೊಬ್ಬರದ ಹಾಗೆ ಇದಕ್ಕೂ ಒಂದು ಪ್ರಮಾಣವಿದೆ.

ಕೇಂದ್ರದ ಕುಸುಮ್ ಯೋಜನೆ 2019ರಲ್ಲಿ ಆರಂಭವಾಯಿತು. ಅದರ 'ಸಿ' ಭಾಗದಲ್ಲಿ ಕೃಷಿ ಫೀಡರುಗಳಿಗೆ ಸೌರ ಘಟಕದಿಂದ ಹಗಲು ವಿದ್ಯುತ್ತು ಕೊಡಲು ಅವಕಾಶವಿದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಇಂಥ ಘಟಕಕ್ಕೆ ಚಾಲನೆ ದೊರೆಯಿತು. ಇವುಗಳನ್ನು ಸಾಮಾನ್ಯವಾಗಿ ಉಪಕೇಂದ್ರದ ಬಳಿಯೇ ಜೋಡಿಸುತ್ತಾರೆ. ನಿರ್ವಹಣೆ ಸುಲಭ, ಮೇಲಿನ ದೊಡ್ಡ ಲೈನುಗಳ ಭಾರವೂ ಇಳಿಯುತ್ತದೆ, ರಾತ್ರಿ ಹಾವು ಚೇಳಿನ ನಡುವೆ ನೀರು ಹಾಯಿಸುವುದು ತಪ್ಪುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ತುದಿಯ ಮೋಟಾರಿನ ದುಃಖ ಇದರಿಂದಲೇ ತೀರುವುದೆಂದು ನಂಬಬೇಡಿ. ನಿಮ್ಮ ಊರಿಗೆ ಘಟಕ ಬರುವ ಮಾತು ಎದ್ದರೆ ಅದು ಯಾವ ಫೀಡರಿಗೆ, ಉಪಕೇಂದ್ರದಿಂದ ಎಷ್ಟು ದೂರಕ್ಕೆ ಎಂದು ಹೆಸ್ಕಾಂ ಶಾಖಾಧಿಕಾರಿಗಳನ್ನು ಮೊದಲು ಕೇಳಿ.

ಒಂದು ಮೆಗಾವ್ಯಾಟಿಗೆ ಸುಮಾರು 4 ರಿಂದ 5 ಎಕರೆ ಬೇಕು. ಲಕ್ಷ್ಮೇಶ್ವರದ ಕಡೆಯ ಒಳ್ಳೆಯ ಎರೆಹೊಲವನ್ನು ಇದಕ್ಕೆ ಕೊಡುವುದು ನಮ್ಮ ದೃಷ್ಟಿಯಲ್ಲಿ ಜಾಣತನವಲ್ಲ. ಎರೆ ಮಣ್ಣು ಹಿಗ್ಗಿ ಕುಗ್ಗಿ ಬಿರಿಯುವುದರಿಂದ ಕಂಬಗಳ ಅಡಿಪಾಯಕ್ಕೂ ಖರ್ಚು ಹೆಚ್ಚು. ಕಲ್ಲು ಗರಸಿನ ಭೂಮಿ ಇದ್ದರೆ ಅದನ್ನೇ ತೋರಿಸಿ.

ಲೈನ್ ಹೋದರೂ ಸೋಲಾರ್ ಇದೆಯಲ್ಲ ಎಂದು ಕೆಲವರು ತಿಳಿಯುತ್ತಾರೆ. ಲೈನಿನಲ್ಲಿ ವಿದ್ಯುತ್ತು ನಿಂತೊಡನೆ ಘಟಕವೂ ತಾನಾಗಿಯೇ ನಿಲ್ಲಬೇಕು; ಇಲ್ಲವಾದರೆ ಕಂಬದ ಮೇಲಿರುವ ಲೈನ್‌ಮನ್‌ನ ಜೀವಕ್ಕೆ ಅಪಾಯ.

ಘಟಕ ಬರುವವರೆಗೆ ಕೈಕಟ್ಟಿ ಕೂಡಬೇಕಿಲ್ಲ. ಮೋಟಾರಿಗೆ ಕೆಪಾಸಿಟರ್ ಜೋಡಿಸಿದರೆ ಅದು ಲೈನಿನಿಂದ ಎಳೆಯುವ ಕರೆಂಟು ಇಳಿಯುತ್ತದೆ. 3 ಅಶ್ವಶಕ್ತಿಗೆ 1, 5 ಅಶ್ವಶಕ್ತಿಗೆ 2, 7.5 ಅಶ್ವಶಕ್ತಿಗೆ 3 ಕೆ.ವಿ.ಎ.ಆರ್. ಸಾಕು. ಒಬ್ಬರೇ ಹಾಕಿದರೆ ಗುಣ ಕಾಣುವುದು ಕಡಿಮೆ, ಒಂದು ಟಿ.ಸಿ.ಯ ಎಲ್ಲರೂ ಕೂಡಿ ಹಾಕಿಸಿರಿ.