ಚಿಕಿತ್ಸೆ ಮಗನಿಗೆ, ಕುರ್ಚಿ ಮನೆಮಂದಿಗೆಲ್ಲ

ಹದಿಮೂರರ ಹುಡುಗ ಶಾಲೆಗೆ ಹೋಗಲ್ಲ ಅಂತಾನೆ, ಒತ್ತಾಯ ಮಾಡಿದರೆ ಬಾಗಿಲು ಒದೀತಾನೆ. ಅಪ್ಪ ಅಮ್ಮ ಆಸ್ಪತ್ರೆಗೆ ಕರೆತಂದು, ‘ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಸಾರ್, ನಾವು ಹೊರಗೆ ಕೂತಿರ್ತೀವಿ’ ಅನ್ನುತ್ತಾರೆ. ‘ನೀವೂ ಒಳಗೆ ಬನ್ನಿ, ಮುಂದಿನ ವಾರ ಅಜ್ಜಿಯನ್ನೂ ಕರ್ಕೊಂಡು ಬನ್ನಿ’ ಎಂಬ ಉತ್ತರ ಬಂದರೆ ಮುಖ ಸಪ್ಪಗಾಗುತ್ತದೆ. ತಪ್ಪೆಲ್ಲ ನಮ್ಮದೇ ಅಂತಿದ್ದಾರೇನೋ ಎಂಬ ಅನುಮಾನ. ಆದರೆ ಕುಟುಂಬ ಚಿಕಿತ್ಸೆ ಮಾಡುವವರಿಗೆ ತಪ್ಪಿತಸ್ಥರು ಬೇಕಿಲ್ಲ. ಆ ಮನೆಯಲ್ಲಿ ಜಗಳ ಹೇಗೆ ಶುರುವಾಗಿ ಹೇಗೆ ಮುಗಿಯುತ್ತದೆ ಎಂಬುದು ಅವರಿಗೆ ಬೇಕು.

ಅದರಲ್ಲೂ ಹೇಗೆ ಮುಗಿಯುತ್ತದೆ ಎಂಬುದು. ರಾತ್ರಿ ಒಂಬತ್ತೂವರೆ. ‘ಮೊಬೈಲ್ ಇಡು’ ಅಂತಾಳೆ ಅಮ್ಮ. ‘ಐದೇ ನಿಮಿಷ.’ ಎರಡನೇ ಸಲ ಅವಳ ದನಿ ಏರುತ್ತದೆ, ಅವನದೂ ಏರುತ್ತದೆ. ಮೂರನೇ ಸಲಕ್ಕೆ ಊಟದ ತಟ್ಟೆ ನೆಲಕ್ಕೆ. ‘ಕೊಟ್ಟು ಸಾಯಿ ಅತ್ಲಾಗೆ, ತಲೆ ಸಿಡೀತಿದೆ’ ಎಂದು ಹಾಲ್‌ನಿಂದ ಅಪ್ಪನ ಕೂಗು. ಮೊಬೈಲ್ ಹುಡುಗನ ಕೈಗೆ ಬರುತ್ತದೆ, ಮನೆ ತಣ್ಣಗಾಗುತ್ತದೆ. ಕಿರುಚಿದರೆ ಕೆಲಸವಾಗುತ್ತದೆ ಎಂದು ಹುಡುಗ ಕಲಿತ. ಸೋತರೆ ನೆಮ್ಮದಿ ಸಿಗುತ್ತದೆ ಎಂದು ಅಮ್ಮ ಕಲಿತಳು. ಇನ್ನೊಂದು ದಿನ ಅಪ್ಪ ಎರಡು ಬಾರಿಸುತ್ತಾನೆ, ಹುಡುಗ ಸುಮ್ಮನಾಗುತ್ತಾನೆ. ಏಟಿಗೆ ಬೆಲೆಯಿದೆ ಎಂದು ಅಪ್ಪನೂ ಕಲಿತ. ಮಾರನೆಯ ಜಗಳ ಇನ್ನೂ ಒಂದು ಮೆಟ್ಟಿಲು ಮೇಲಿಂದಲೇ ಶುರು. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಮನೆಗಳಿಗೇ ಹೋಗಿ ಕೂತು, ಯಾರ ಮಾತಿನ ಬೆನ್ನಿಗೆ ಯಾರ ಮಾತು ಬರುತ್ತದೆಂದು ಗುರುತು ಹಾಕಿಕೊಂಡು ಈ ಸುಳಿಯನ್ನು ಕಂಡುಕೊಂಡಿತು. ಅವರ ಪುಸ್ತಕ ಬಂದದ್ದು 1982ರಲ್ಲಿ. ಬೈದು ಬುದ್ಧಿ ಹೇಳುವುದರಿಂದ ಇದು ಬಿಡಿಸಿಕೊಳ್ಳುವುದಿಲ್ಲ, ಏಕೆಂದರೆ ಬೈಗುಳವೂ ಸುಳಿಯ ಒಳಗಿನದೇ.

ಮನೋವೈದ್ಯ ಸಾಲ್ವಡಾರ್ ಮಿನೂಚಿನ್ ಇದಕ್ಕೂ ಮುಂಚೆ, 1960ರ ದಶಕದಲ್ಲಿ, ನ್ಯೂಯಾರ್ಕಿನ ವಿಲ್ಟ್‌ವಿಕ್ ಎಂಬ ಹುಡುಗರ ವಸತಿಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು. ಬಡ ಬಡಾವಣೆಗಳಿಂದ ಬಂದ ಪುಂಡ ಹುಡುಗರು ಅಲ್ಲಿ ಸುಧಾರಿಸಿ ಮನೆಗೆ ಮರಳಿದರೆ ಮತ್ತೆ ಹಳೇ ಚಾಳಿ. ಹಾಗಾಗಿ ಅವರು ಇಡೀ ಮನೆಯನ್ನೇ ಎದುರು ಕೂರಿಸಿಕೊಂಡರು. ಯಾರು ಯಾರ ಪಕ್ಕ ಕೂತರು, ಅಪ್ಪನನ್ನು ಕೇಳಿದ ಪ್ರಶ್ನೆಗೆ ಅಮ್ಮ ಯಾಕೆ ಉತ್ತರಿಸಿದಳು ಎಂಬುದೆಲ್ಲ ಅವರಿಗೆ ಲೆಕ್ಕಕ್ಕೆ ಬರುತ್ತಿತ್ತು. ‘ನಿನ್ನೆ ಹೀಗಾಯ್ತು’ ಎಂದು ವರದಿ ಒಪ್ಪಿಸಲು ಬಿಡದೆ, ಆ ಮಾತುಕತೆಯನ್ನು ಅಲ್ಲೇ ಆಡಿ ಎನ್ನುವರು; ಕುರ್ಚಿ ಬದಲಾಯಿಸಿ ಗಂಡ ಹೆಂಡತಿಯನ್ನು ಅಕ್ಕಪಕ್ಕ ಕೂರಿಸುವರು. ಮಗನ ಮುಂದೆ ದೊಡ್ಡವರದು ಒಂದೇ ಮಾತಾಗಿರಬೇಕು ಎಂಬುದು ಅದರ ತಿರುಳು.

ನಮ್ಮಲ್ಲಿ ಆ ‘ದೊಡ್ಡವರು’ ಇಬ್ಬರೇ ಅಲ್ಲ. ಅಮ್ಮ ಬೇಡವೆಂದ ಇಪ್ಪತ್ತು ರೂಪಾಯಿ ಅಜ್ಜಿಯ ಸೆರಗಿನ ಗಂಟಿನಿಂದ ಬರುತ್ತದೆ. ಅಜ್ಜಿಯನ್ನು ಹೊರಗಿಟ್ಟು ಮಾಡಿದ ನಿಯಮ ವಾರವೂ ಬಾಳುವುದಿಲ್ಲ. ನನ್ನ ಮಟ್ಟಿಗೆ ಅವರನ್ನು ಮೊದಲ ದಿನವೇ ಕರೆಸುವುದು ಜಾಣತನ.

ಚಿಕ್ಕ ಮಕ್ಕಳಿಗೆ, ಅಂದರೆ ಸುಮಾರು ಎರಡರಿಂದ ಏಳು ವರ್ಷದವರಿಗೆ, ದಾರಿ ಬೇರೆ. ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ ವಿಧಾನದಲ್ಲಿ ತಾಯಿ ಮಗು ಕೋಣೆಯಲ್ಲಿ ಆಡುತ್ತಿರುತ್ತಾರೆ. ಚಿಕಿತ್ಸಕರು ಗಾಜಿನಾಚೆ ಕೂತು ತಾಯಿಯ ಕಿವಿಯಲ್ಲಿರುವ ಯಂತ್ರಕ್ಕೆ ಸೂಚನೆ ಕೊಡುತ್ತಾರೆ. ಮೊದಲ ಹಂತದಲ್ಲಿ ಆಟ ಮಗುವಿನ ಇಷ್ಟದ್ದು. ಅಪ್ಪಣೆ, ಪ್ರಶ್ನೆ, ಟೀಕೆ ಮೂರೂ ನಿಷಿದ್ಧ. ಇದೇನು ಮಹಾ ಅನ್ನಿಸಿದರೆ ಇವತ್ತು ಮನೆಯಲ್ಲಿ ಐದೇ ನಿಮಿಷ ಪ್ರಯತ್ನಿಸಿ. ‘ಇದ್ಯಾವ ಬಣ್ಣ ಹೇಳು?’ ಎಂದು ಕೇಳದಿರುವುದು ನಮ್ಮಲ್ಲಿ ಬಹಳ ಜನರಿಗೆ ಆಗುವುದಿಲ್ಲ. ಎರಡನೇ ಹಂತ ಮಾತು ಕೇಳಿಸುವುದು. ‘ನೆಟ್ಟಗಿರು’ ಎಂದರೆ ಮಗುವಿಗೆ ಏನೂ ತಿಳಿಯದು. ‘ಪುಸ್ತಕ ಬ್ಯಾಗಿಗೆ ಹಾಕು’ ಎಂದರೆ ತಿಳಿಯುತ್ತದೆ. ಹೇಳುವುದು ಒಮ್ಮೆ, ಕೇಳಿದರೆ ಕೂಡಲೇ ಮೆಚ್ಚುಗೆ.

ಮೊದಲೇ ಗೊತ್ತಿರಬೇಕಾದ ಒಂದು ಸಂಗತಿ: ಹಟಕ್ಕೆ ಮಣಿಯುವುದನ್ನು ನಿಲ್ಲಿಸಿದ ಆರಂಭದ ದಿನಗಳಲ್ಲಿ ಹಟ ಹೆಚ್ಚುತ್ತದೆ. ನಿನ್ನೆಯವರೆಗೆ ಫಲಿಸಿದ ಕಿರುಚಾಟ ಇವತ್ತು ಫಲಿಸದಿದ್ದರೆ ಹುಡುಗ ಇನ್ನೂ ಜೋರಾಗಿ ಕಿರುಚಿ ನೋಡುತ್ತಾನೆ. ‘ಚಿಕಿತ್ಸೆಯಿಂದ ಕೆಟ್ಟೇ ಹೋದ’ ಎಂದು ಬಿಟ್ಟುಬಿಡುವುದು ಇಲ್ಲೇ. ಚಿಕಿತ್ಸೆಗೆ ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ತಿಂಗಳು ಹಿಡಿಯುತ್ತದೆ.

ಎಲ್ಲಕ್ಕೂ ಇದೇ ಮದ್ದಲ್ಲ. ಓದಲು ಬಾರದ ಕಲಿಕಾ ತೊಂದರೆ ಮೊಂಡುತನದಂತೆ ಕಾಣಬಹುದು, ಅದನ್ನು ಮೊದಲು ಪರೀಕ್ಷಿಸಬೇಕು. ಏಕಾಗ್ರತೆಯ ತೀವ್ರ ಕೊರತೆಗೆ ಔಷಧಿ ಬೇಕಾಗಬಹುದು. ಮನೆಯಲ್ಲೇ ಹಿಂಸೆಯೋ ದೌರ್ಜನ್ಯವೋ ಇದ್ದರೆ ಮಗುವಿನ ಜೊತೆ ಒಬ್ಬಂಟಿಯಾಗಿಯೇ ಮಾತಾಡಬೇಕು, ರಕ್ಷಣೆ ಮೊದಲು. ಸಾಯುವ ಮಾತು ಬಂದರಂತೂ ಕಾಯುವಂತಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗದ ಜೊತೆಗೆ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಬಹುದು. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಅಪ್ಪ ಬರಲು ಒಪ್ಪದಿದ್ದರೆ? ಬಂದವರಿಂದಲೇ ಶುರು ಮಾಡುತ್ತಾರೆ. ಆಮೇಲೆ ಚಿಕಿತ್ಸಕರೇ ಫೋನ್ ಮಾಡಿ, ‘ಮಗನ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು’ ಎಂದು ಕರೆಯುವುದುಂಟು. ಹಾಗೆ ಕರೆದರೆ ಬರುವ ಅಪ್ಪಂದಿರೂ ಇದ್ದಾರೆ.