ಒಂದೇ ಒಂದು ಮತ

ಮಕ್ಕಳೇ, ಸ್ಕೌಟ್ ಎಂದೊಡನೆ ನಿಮಗೆ ಶಾಲೆಯ ಸ್ಕೌಟ್ಸ್ ಮತ್ತು ಗೈಡ್ಸ್ ನೆನಪಾಗುತ್ತದೆ, ಅಲ್ಲವೇ? ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಸ್ಕೌಟ್ ಎಂದರೆ ಬೇರೆ. ಊರೂರು ತಿರುಗಿ, ಶಾಲೆ ಕಾಲೇಜುಗಳ ಮೈದಾನದಲ್ಲಿ ಆಡುವ ಹುಡುಗರನ್ನು ನೋಡಿ, ಯಾರು ಮುಂದೆ ದೊಡ್ಡ ಆಟಗಾರರಾಗಬಲ್ಲರು ಎಂದು ಗುರುತಿಸುವುದು ಅವರ ಕೆಲಸ. ಅಂಥವರಲ್ಲಿ ನನಗೆ ಬಲು ಇಷ್ಟವಾದವರು ಬಕ್ ಓನೀಲ್.

ಅವರು ಹುಟ್ಟಿದ್ದು 1911ರಲ್ಲಿ, ಫ್ಲಾರಿಡಾ ರಾಜ್ಯದಲ್ಲಿ. ಹುಡುಗನಾಗಿದ್ದಾಗ ಸೆಲೆರಿ ಎಂಬ ಸೊಪ್ಪಿನ ಹೊಲಗಳಲ್ಲಿ ದುಡಿದರು. ಸರಾಸೋಟ ಊರಿನ ಹೈಸ್ಕೂಲು ಬಿಳಿಯರ ಮಕ್ಕಳಿಗೆ ಮಾತ್ರ. ಇವರು ಕಪ್ಪು ಜನಾಂಗದವರು. ಬೇಸ್‌ಬಾಲಿನ ದೊಡ್ಡ ಲೀಗ್‌ಗಳ ಬಾಗಿಲೂ ಹಾಗೆಯೇ ಮುಚ್ಚಿತ್ತು. ಕಪ್ಪು ಆಟಗಾರರು ‘ನೀಗ್ರೋ ಲೀಗ್’ ಎಂಬ ಬೇರೆ ಪಂದ್ಯಾವಳಿಗಳಲ್ಲಿ ಆಡುತ್ತಿದ್ದರು. ಬಕ್ 1938ರಲ್ಲಿ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡ ಸೇರಿದರು, 1948ರಲ್ಲಿ ಅದರ ಮ್ಯಾನೇಜರ್ ಆದರು.

1947ರಲ್ಲಿ ಜಾಕಿ ರಾಬಿನ್ಸನ್ ದೊಡ್ಡ ಲೀಗಿಗೆ ಕಾಲಿಟ್ಟಾಗ ಬಕ್ ಅವರಿಗೆ 35 ತುಂಬಿತ್ತು. ಅವರಿಗೆ ಆ ಅವಕಾಶ ಬರಲೇ ಇಲ್ಲ. ಆದರೆ ಕೊರಗುತ್ತ ಕೂರಲಿಲ್ಲ. ಶಿಕಾಗೊ ಕಬ್ಸ್ ತಂಡಕ್ಕೆ ಸ್ಕೌಟ್ ಆಗಿ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿದರು. ಬೇರೆಯವರು ಹೆಚ್ಚಾಗಿ ಕಣ್ಣು ಹಾಯಿಸದ ಕಪ್ಪು ಕಾಲೇಜುಗಳಿಗೆ ಹೋದರು. ಅಲ್ಲಿ ಸಿಕ್ಕವನೇ ಲೂ ಬ್ರಾಕ್. ಈತ ಮುಂದೆ 938 ಸಲ ಬೇಸ್ ‘ಕದ್ದ’. ಹೆದರಬೇಡಿ, ಇದು ಕಳ್ಳತನವಲ್ಲ! ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಠಾಣೆಗೆ ಓಡುವುದಕ್ಕೆ ಹಾಗೆನ್ನುತ್ತಾರೆ. 1962ರಲ್ಲಿ ಕಬ್ಸ್ ತಂಡ ಬಕ್ ಅವರನ್ನು ಕೋಚ್ ಮಾಡಿತು. ದೊಡ್ಡ ಲೀಗ್‌ಗಳ ಮೊದಲ ಕಪ್ಪು ಕೋಚ್ ಅವರೇ.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಬಾಳು ಸವೆಸಿದವನು. ಸಂಜೆ ಜಮಾ ಖರ್ಚು ತಾಳೆಯಾಗದೆ ಮನೆಗೆ ಹೊರಡುವಂತಿರಲಿಲ್ಲ. ಬಕ್ ಅವರ ಖಾತೆ ನೋಡಿದರೆ ಲೋಕದಿಂದ ಅವರಿಗೆ ಬರಬೇಕಾದ ಬಾಕಿಯೇ ಹೆಚ್ಚು. ಹೈಸ್ಕೂಲಿನ ಪ್ರಮಾಣಪತ್ರ ಗೌರವಾರ್ಥವಾಗಿ ಕೈಸೇರಿದ್ದು 1995ರಲ್ಲಿ, 83ರ ವಯಸ್ಸಿನಲ್ಲಿ!

2006ರಲ್ಲಿ ನೀಗ್ರೋ ಲೀಗ್ ಕಾಲದ 17 ಮಂದಿಯನ್ನು ‘ಹಾಲ್ ಆಫ್ ಫೇಮ್’ ಎಂಬ ಗೌರವ ಮಂದಿರಕ್ಕೆ ಆರಿಸಲಾಯಿತು. ಬಕ್ ಹೆಸರು ಅದರಲ್ಲಿರಲಿಲ್ಲ. ಒಂದೇ ಒಂದು ಮತ ಕಡಿಮೆ ಬಿತ್ತೆಂದು ಪತ್ರಿಕೆಗಳು ಬರೆದವು. ಆಯ್ಕೆಯಾದ 17 ಮಂದಿಯಲ್ಲಿ ಒಬ್ಬರೂ ಬದುಕಿರಲಿಲ್ಲ. ಅವರ ಪರವಾಗಿ ಸಮಾರಂಭದಲ್ಲಿ ಮಾತನಾಡಲು ಒಪ್ಪಿದವರು ಯಾರು ಗೊತ್ತೇ? ಇದೇ ಬಕ್ ಓನೀಲ್! 94ರ ಆ ಅಜ್ಜ ಗೆಳೆಯರನ್ನು ಹೊಗಳಿ, ಸಭೆಯವರೆಲ್ಲ ಕೈ ಕೈ ಹಿಡಿದು ಹಾಡುವಂತೆ ಮಾಡಿದರು. ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು.

ಗೌರವ ಮಂದಿರಕ್ಕೆ ಅವರ ಹೆಸರು ಸೇರಿದ್ದು 2022ರಲ್ಲಿ. ನೋಡಲು ಅವರಿರಲಿಲ್ಲ.

ಅಜ್ಜ ಅಜ್ಜಿಯರೇ, ಇಂದು ಸಂಜೆ ಮೊಮ್ಮಕ್ಕಳು ಬೀದಿಯಲ್ಲಿ ಆಡುವಾಗ ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ. ಯಾರೂ ಆಟಕ್ಕೆ ಕರೆಯದೆ ಬದಿಗೆ ನಿಂತ ಹುಡುಗನೊಬ್ಬನಿದ್ದರೆ, ಅವನನ್ನು ಮೊದಲು ನೋಡಿ.